ಸಹಾಯ ಬೇಕು: ಕಾರಿನ ಮುಂದಿನ ಎಡಗಡೆ ಕಟಕ್ ಕಟಕ್ ಸದ್ದು ನಿಲ್ಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆ ನವನಗರದವನು. ನನ್ನ ಕಾರು 2014ರದು, 92 ಸಾವಿರ ಕಿಲೋಮೀಟರ್ ಓಡಿದೆ. ಎರಡು ತಿಂಗಳಿಂದ ಮುಂದಿನ ಎಡ ಚಕ್ರದ ಹತ್ತಿರ ಕಟಕ್ ಕಟಕ್ ಅಂತ ಸದ್ದು. ವಾರಕ್ಕೊಮ್ಮೆ ಅವ್ವನನ್ನು ಗುಳೇದಗುಡ್ಡಕ್ಕೆ ಕರೆದುಕೊಂಡು ಹೋಗಬೇಕು. ಪ್ರತಿ ತಗ್ಗಿಗೂ ಅವಳು ಬೆಚ್ಚಿ ಬೀಳುತ್ತಾಳೆ, ಅದೇ ನನಗೆ ಜಾಸ್ತಿ ಸಂಕಟ.

ಲಿಂಕ್ ರಾಡ್ (ಸ್ಟೆಬಿಲೈಸರ್ ಬಾರ್ ತುದಿಗೆ ಜೋಡಿಸುವ ಸಣ್ಣ ಸರಳು) ಎರಡೂ ಹೊಸದು ಹಾಕಿಸಿದೆ. ಲೋವರ್ ಆರ್ಮ್ ಬುಷ್ (ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳಿನ ರಬ್ಬರ್) ಬದಲಾಯಿತು, ಅಲೈನ್‌ಮೆಂಟ್ ಕೂಡ ಆಯಿತು. ನಾಲ್ಕು ದಿನ ಸುಮ್ಮನಿತ್ತು, ಮತ್ತೆ ಶುರು. ಜಾಕ್ ಕೊಟ್ಟು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದೆ, ಸಡಿಲ ಇಲ್ಲ. ಶಾಕ್ ಅಬ್ಸಾರ್ಬರ್‌ನಲ್ಲಿ ಆಯಿಲ್ ಸೋರಿಲ್ಲ. ಆದರೂ ಮೆಕ್ಯಾನಿಕ್ ಎರಡೂ ಶಾಕ್ ಬದಲಿಸೋಣ ಅನ್ನುತ್ತಿದ್ದಾರೆ.

ನನಗೆ ಗೊಂದಲ ಇರೋದು ಇಲ್ಲೇ. ಹಂಪ್ ಮೇಲೆ ಎರಡೂ ಚಕ್ರ ಒಟ್ಟಿಗೆ ಹತ್ತಿದರೆ ಸದ್ದೇ ಇಲ್ಲ. ಎಡ ಚಕ್ರ ಒಂದೇ ತಗ್ಗಿಗೆ ಇಳಿದರೆ ಮಾತ್ರ, ಅದೂ 20ರ ವೇಗದೊಳಗೆ, ಬರುತ್ತೆ. ಒಂದೇ ಚಕ್ರ ಇಳಿದಾಗ ತಿರುಚಿಕೊಳ್ಳೋದು ಎಡ-ಬಲ ಚಕ್ರಗಳ ಕಡೆ ಜೋಡಿಸಿರುವ ಸರಳು, ಅಂದರೆ ಸ್ಟೆಬಿಲೈಸರ್ ಬಾರ್ ಅಲ್ವಾ? ಅದರ ರಬ್ಬರ್ ಬುಷ್ ಯಾರೂ ಮುಟ್ಟಿಲ್ಲ.

ಈ ಲಕ್ಷಣಕ್ಕೆ ಬಾರ್ ಬುಷ್ ಕಾರಣವೋ, ಸ್ಟ್ರಟ್ ಮೌಂಟೋ (ಶಾಕ್ ಮೇಲ್ತುದಿಯನ್ನು ಕಾರಿನ ಬಾಡಿಗೆ ಕೂರಿಸುವ ಭಾಗ)? ಶಾಕ್‌ಗೆ ದುಡ್ಡು ಹಾಕುವ ಮೊದಲು ಮನೆಯಲ್ಲೇ ಖಚಿತ ಮಾಡಿಕೊಳ್ಳುವುದು ಹೇಗೆ?