ಗ್ರೆನೇಡಿಯರ್ ಮೀನಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಶಾಲೆ ಮಕ್ಕಳಿಗಾಗಿ ಕಡಲಾಳದ ಮೀನುಗಳ ಬಗ್ಗೆ ಬರೆಯುತ್ತಿದ್ದೇನೆ, ಗ್ರೆನೇಡಿಯರ್ ಅನ್ನುವ ಹೆಸರಿನ ಹತ್ತಿರ ಬಂದು ಸಿಕ್ಕಿಹಾಕಿಕೊಂಡಿದ್ದೇನೆ. ಹಾಗೇ ಬಿಡಬಹುದಿತ್ತು. ಆದರೆ ನಮ್ಮ ಕೊಡಗಿನಲ್ಲಿ ಗ್ರೆನೇಡಿಯರ್ ಅಂದರೆ ಸೈನ್ಯದ ರೆಜಿಮೆಂಟು. ಮನೆಯಲ್ಲಿ ನಿವೃತ್ತ ಸುಬೇದಾರ್ ಅಜ್ಜ ಇರುವ ಮಕ್ಕಳು ಈ ಮೀನು ಯಾವ ಬೆಟಾಲಿಯನ್ ಅಂತ ಕೇಳದೆ ಬಿಡುವುದಿಲ್ಲ!

ಇಂಗ್ಲಿಷಿನಲ್ಲೇ ಇದಕ್ಕೆ ಇನ್ನೊಂದು ಹೆಸರಿದೆ, ರ‍್ಯಾಟ್‌ಟೇಲ್. ಹಾಗಾಗಿ 'ಇಲಿಬಾಲದ ಮೀನು' ಅನ್ನೋಣ ಅಂತ ನನ್ನ ಮನಸ್ಸು. ದಪ್ಪ ತಲೆ, ದೊಡ್ಡ ಕಣ್ಣು, ಅಲ್ಲಿಂದ ಹಿಂದಕ್ಕೆ ಮೈ ಸಣ್ಣಗಾಗುತ್ತಾ ಹೋಗಿ ಕೊನೆಗೆ ದಾರದಷ್ಟೇ ಉಳಿಯುತ್ತದೆ, ಕವಲಿನಂಥ ಬಾಲದ ರೆಕ್ಕೆ ಇಲ್ಲವೇ ಇಲ್ಲ. ಕುಟುಂಬದ ಹೆಸರು ಮ್ಯಾಕ್ರೌರಿಡೇ, ಗ್ರೀಕ್ ಮೂಲದಲ್ಲಿ ಉದ್ದ ಬಾಲ ಅಂತಲೇ. ಆದರೆ ಸುಮ್ನೆ 'ಉದ್ದಬಾಲದ ಮೀನು' ಅಂದರೆ ಮಂಗಳೂರು ಕಡೆಯವರಿಗೆ ಪಾಂಬೊಳ್ (ರಿಬ್ಬನ್ ಮೀನು) ನೆನಪಾಗುತ್ತದೆ. ಅದಕ್ಕೂ ಇದಕ್ಕೂ ನೆಂಟಸ್ತಿಕೆ ಇಲ್ಲ, ಇದು ಕಾಡ್ (cod) ಅನ್ನುವ ತಣ್ಣನೆ ಕಡಲಿನ ಮೀನಿನ ಬಳಗ.

ಬಾಲವೊಂದನ್ನೇ ಹಿಡಿದು ಹೆಸರಿಡುವುದು ಸ್ವಲ್ಪ ಅನ್ಯಾಯವೇ ಅನ್ನಿ. ಇವುಗಳಲ್ಲಿ ಕೆಲವು 4000 ಮೀಟರಿಗೂ ಕೆಳಗೆ, ಕತ್ತಲಲ್ಲಿ, ತಳದಲ್ಲೇ ತಿರುಗುತ್ತಾ ಮೇಲಿಂದ ಬಿದ್ದ ಸತ್ತ ಮೀನು, ತಿಮಿಂಗಿಲದ ಮಾಂಸ ತಿಂದು ಬದುಕುತ್ತವೆ. ಕೆಲವು ಜಾತಿಗಳಿಗೆ ಹೊಟ್ಟೆಯಡಿ ಬೆಳಕಿನ ಗ್ರಂಥಿ ಇದೆ, ಬೆಳಕು ಕೊಡುವುದು ಅದರೊಳಗಿನ ಬ್ಯಾಕ್ಟೀರಿಯಾ. ಪೋರ್ಚುಗಲ್ಲಿನ ಮೀನುಗಾರರು ಆ ಗ್ರಂಥಿಯನ್ನು ಹಿಂಡಿ, ಹೊಳೆಯುವ ರಸವನ್ನು ಗಾಳಕ್ಕೆ ಸಿಕ್ಕಿಸುವ ತುಂಡಿಗೆ ಸವರುತ್ತಿದ್ದರಂತೆ. ಜಾಣರು! ಉತ್ತರ ಅಟ್ಲಾಂಟಿಕ್‌ನ ರೌಂಡ್‌ನೋಸ್ ಗ್ರೆನೇಡಿಯರ್ 50 ವರ್ಷ ದಾಟಿಯೂ ಬದುಕುತ್ತದೆ, ನಿಧಾನಕ್ಕೆ ಬೆಳೆಯುತ್ತದೆ, ಅದಕ್ಕೇ ಟ್ರಾಲರ್‌ಗಳು ಬಳಿದುಕೊಂಡು ಹೋದ ಮೇಲೆ ಸಂಖ್ಯೆ ಮತ್ತೆ ಏರಲು ಬಹಳ ಕಾಲ ಬೇಕು. ಬಲೆಯಿಂದ ತೆಗೆದು ಮತ್ತೆ ನೀರಿಗೆ ಬಿಟ್ಟರೂ ಬದುಕುವುದು ಕಷ್ಟ, ಮೇಲಕ್ಕೆ ಬರುವಾಗ ಒತ್ತಡ ಇಳಿದು ಗಾಳಿಚೀಲ ಉಬ್ಬಿಬಿಡುತ್ತದೆ.

ಇನ್ನೊಂದು ಪ್ರಶ್ನೆ, ನಿಜ ಹೇಳಬೇಕೆಂದರೆ ಹೆಸರಿಗಿಂತ ಇದೇ ಜಾಸ್ತಿ ಕಾಡುತ್ತಿರುವುದು. ಇವುಗಳಲ್ಲಿ ಹೆಚ್ಚಿನವಕ್ಕೆ ಗದ್ದದ ಕೆಳಗೆ ಒಂದೇ ಒಂದು ಮೆತ್ತನೆಯ ಎಳೆ ಇರುತ್ತದೆ, ಕೆಸರಲ್ಲಿ ಊಟ ತಡವಿ ಹುಡುಕಲು. ಹೊಳೆಮೀನಿನ ಬಾಯಿ ಸುತ್ತ ಇರುವುದಕ್ಕೆ ನಾವು ಮೀಸೆ ಅನ್ನುತ್ತೇವೆ. ಗದ್ದದಲ್ಲಿದ್ದರೆ ಗಡ್ಡ ಆಗಬೇಕಲ್ವಾ? ಅಥವಾ ಎಲ್ಲಿದ್ದರೂ ಮೀಸೆಯೇನಾ? ಕರಾವಳಿಯವರು, ಗಾಳ ಹಾಕಿ ಅಭ್ಯಾಸ ಇರುವವರು, ನಿಮ್ಮ ಕಡೆ ಏನು ಹೇಳುತ್ತೀರಿ ಅಂತ ದಯವಿಟ್ಟು ತಿಳಿಸಿ.