ಸಹಾಯ ಬೇಕು: ದೊಡ್ಡಪ್ಪನ ನೆನಪಿನ ಗಾಲ್ಫ್ ಟೂರ್ನಮೆಂಟ್‌ಗೆ ಸ್ಕೋರಿಂಗ್ ಗೊತ್ತಿರುವವರು
ಎಲ್ಲರಿಗೂ ನಮಸ್ಕಾರ. ಮಂಗಳೂರಲ್ಲಿ ಗೇರುಬೀಜದ ವ್ಯಾಪಾರ ಮಾಡುತ್ತಿದ್ದ ನಮ್ಮ ದೊಡ್ಡಪ್ಪ ಹೋದ ವರ್ಷ ತೀರಿಕೊಂಡರು. ಅವರ ನೆನಪಿಗೆ ಮಳೆಗಾಲ ಮುಗಿದ ಮೇಲೆ ಪಿಲಿಕುಳದಲ್ಲಿ ಹವ್ಯಾಸಿಗಳ ಗಾಲ್ಫ್ ಟೂರ್ನಮೆಂಟ್ ಮಾಡಬೇಕು ಅಂತಿದ್ದೇವೆ. ಭಾನುವಾರ ಬೆಳಿಗ್ಗೆ ಅವರು ಅಲ್ಲೇ ಇರುತ್ತಿದ್ದರು. ಅವರ ಬ್ಯಾಗಿನ ಜೇಬಲ್ಲಿ ಮಡಚಿದ ಸ್ಕೋರ್ ಕಾರ್ಡ್, ಮೊಂಡು ಪೆನ್ಸಿಲ್ ಈಗಲೂ ಹಾಗೇ ಇದೆ. ತೆಗೆಯಲು ಮನಸ್ಸಾಗಿಲ್ಲ.

ಸ್ಟೇಬಲ್‌ಫೋರ್ಡ್ ಪದ್ಧತಿಯಲ್ಲಿ, ಅಂದರೆ ಪ್ರತಿ ಹೋಲ್‌ಗೂ ಪಾಯಿಂಟ್ ಕೊಟ್ಟು, ಆಡಿಸುವ ಯೋಚನೆ. ಪಾರ್‌ಗೆ (ಹೋಲ್‌ಗೆ ನಿಗದಿಯಾದಷ್ಟೇ ಹೊಡೆತ) 2 ಪಾಯಿಂಟ್, ಬರ್ಡಿಗೆ (ಒಂದು ಹೊಡೆತ ಕಡಿಮೆ) 3, ಬೋಗಿಗೆ (ಒಂದು ಹೆಚ್ಚು) 1. ಒಂದು ಹೋಲ್ ಕೆಟ್ಟರೂ ಇಡೀ ಆಟ ಹಾಳಾಗಲ್ಲ. ಹೊಸಬರಿಗೆ ಇದೇ ಒಳ್ಳೆಯದು ಅಲ್ವಾ? ಆದರೆ ಹ್ಯಾಂಡಿಕ್ಯಾಪ್ (ಆಟಗಾರರ ಮಟ್ಟ ನೋಡಿ ಕೊಡುವ ಹೊಡೆತಗಳ ರಿಯಾಯಿತಿ) ಲೆಕ್ಕ ನಮಗೆ ಬರಲ್ಲ. ಯಾವ ಹೋಲ್‌ಗೆ ಎಷ್ಟು ಸ್ಟ್ರೋಕ್ ಬಿಡಬೇಕು ಎನ್ನುವಲ್ಲೇ ತಪ್ಪುತ್ತಿದ್ದೇವೆ. ಗೊತ್ತಿರುವವರು ಒಂದು ದಿನ ಬಂದರೆ ಸಾಕು. ಊಟ, ಓಡಾಟದ ಖರ್ಚು ನಮ್ಮದು. ದಯವಿಟ್ಟು ಇನ್‌ಬಾಕ್ಸ್‌ಗೆ ಬರೆಯಿರಿ.