ಸಾಲಿ ಬಿಸಿಯೂಟದ ಮ್ಯಾಲೆ ಕಣ್ಣಿಡೋದು ಹೆಂಗ? ಮಾಡಿ ಗೊತ್ತಿದ್ದವರ ಅನುಭವ

ಕೇಳಿದವರು ಕುಂದಗೋಳ ತಾಲೂಕಿನ ಒಬ್ಬ ತಾಯಿ:

ನಮಸ್ಕಾರ್ರಿ ಎಲ್ಲಾರಿಗೂ. ಹೋದ ತಿಂಗಳು ನನ್ನ ನಮ್ಮೂರ ಸರ್ಕಾರಿ ಸಾಲಿ ಎಸ್‌ಡಿಎಂಸಿ (ಸಾಲಿ ಅಭಿವೃದ್ಧಿ, ಉಸ್ತುವಾರಿ ಸಮಿತಿ) ಅಧ್ಯಕ್ಷೆ ಮಾಡ್ಯಾರ. ಒಂದನೇತ್ತದಿಂದ ಏಳನೇತ್ತದ ತನಕ 140 ಹುಡುಗುರು ಅದಾರ. ಸಾರು ಬರೇ ನೀರು ಇರತೈತಿ ಅಂತ ತಾಯಂದಿರು ನನ್ನ ಮುಂದ ಬಂದು ಹೇಳ್ತಾರ. ನಾ ಕಲ್ತಿದ್ದು ಎಂಟನೇತ್ತ. ಬಿಸಿಯೂಟದಾಗ ಏನ್ ನೋಡ್ಬೇಕು, ಎಲ್ಲಿಂದ ಚಾಲೂ ಮಾಡ್ಬೇಕು, ಮಾಸ್ತರ್ರ ಜೋಡಿ ಅಡಗಿಯವರ ಜೋಡಿ ಜಗಳ ಆಗದಂಗ ಹೆಂಗ ಕೇಳ್ಬೇಕು, ಮಾಡಿದವರು ಇದ್ರ ಹೇಳ್ರಿ.

ಸವಣೂರ ಕಡೆಯವರು, ಆರು ವರ್ಷ ಎಸ್‌ಡಿಎಂಸಿಯೊಳಗ ಇದ್ದವರು:

ಅಕ್ಕಾರ, ಮೊದಲ ರಜಿಸ್ಟರ್ ಕೇಳಬ್ಯಾಡ್ರಿ. ನಾ ಅದ ತಪ್ಪು ಮಾಡಿದೆ. ಅಧ್ಯಕ್ಷ ಆದ ಮರುದಿನಾನ ಹೋಗಿ ದಾಸ್ತಾನು ವಹಿ ತೋರಸ್ರಿ, ರುಚಿ ನೋಡಿದ ರಜಿಸ್ಟರ್ ತೋರಸ್ರಿ ಅಂದೆ, ಎಲ್ಲಾ ಚೊಕ್ಕಾಗಿ ತುಂಬಿತ್ತು, ಸಹಿ ಇದ್ವು, ನನಗ ಅದರಾಗ ಒಂದೂ ತಿಳೀಲಿಲ್ಲ, ಹೆಡ್ ಮಾಸ್ತರ್ರಿಗೆ ಸಿಟ್ಟು ಬಂತು, ಅಡಗಿಯವರಿಗೆ ಅಂಜಿಕಿ ಹತ್ತಿತು, ಆಮ್ಯಾಲೆ ಮೂರು ತಿಂಗಳು ನನ್ನ ಕಂಡ್ರ ಯಾರೂ ಬಾಯಿ ಬಿಡಲಿಲ್ಲ. ನೀವು ಊಟದ ಹೊತ್ತಿಗೆ ಹೋಗ್ರಿ, ಹೇಳದ ಹೋಗ್ರಿ, ಹುಡುಗುರ ಸಾಲಿನ್ಯಾಗ ಕುಂತು ಅವರಿಗೆ ನೀಡಿದ್ದನ್ನ ಉಣ್ರಿ. ನಿಮಗಂತ ಬ್ಯಾರೆ ತಾಟಿನ್ಯಾಗ ಗಟ್ಟಿ ಸಾರು ತಂದು ಕೊಟ್ರ ಬ್ಯಾಡ ಅನ್ರಿ. ವಾರಕ್ಕ ಎರಡು ಸಲ ಹಿಂಗ ಮಾಡ್ರಿ, ಬ್ಯಾರೆ ಬ್ಯಾರೆ ದಿನ ಹೋಗ್ರಿ, ಸೋಮವಾರ ಒಂದ ಹೋದ್ರ ಸೋಮವಾರದ ಊಟ ಅಷ್ಟ ಚೊಲೋ ಆಗತೈತಿ.

ಕೊನಿ ಸಾಲಿನ್ಯಾಗ ಕುಂಡ್ರೋದು ಮರೀಬ್ಯಾಡ್ರಿ. ಬೋಗಾಣಿ ತಳದಾಗ ಏನ್ ಉಳದಿರತೈತಿ ಅದು ಆ ಸಾಲಿನವರಿಗೆ ಬರೋದು. ನಮ್ಮಲ್ಲಿ ಸಣ್ಣ ಹುಡುಗುರಿಗೆ ಮೊದಲ ನೀಡ್ತಿದ್ರು, ಆರನೇತ್ತ ಏಳನೇತ್ತದ ಹುಡುಗುರು ಬರೋದ್ರಾಗ ಸಾರು ಸಾಲ್ತಿದ್ದಿಲ್ಲ, ಅದಕ್ಕ ಕಡೀಕ ಬಿಸಿನೀರು ಸೇರಸ್ತಿದ್ರು. ಮೊದಲನೇ ಸಾಲಿನ್ಯಾಗ ಉಂಡಿದ್ರ ನನಗ ಇದು ಗೊತ್ತ ಆಗ್ತಿದ್ದಿಲ್ಲ.

ಈಗ ತೂಕದ ಮಾತು. ಸರ್ಕಾರದ ಲೆಕ್ಕ ಸರಳ ಐತ್ರಿ, ಒಂದು ಚೀಟಿ ಮ್ಯಾಲೆ ಬರದು ಇಟಗೋರಿ. 1ರಿಂದ 5ನೇತ್ತದ ಒಂದು ಹುಡುಗಗ ಅಕ್ಕಿ 100 ಗ್ರಾಂ, ಬ್ಯಾಳಿ 20 ಗ್ರಾಂ, ಕಾಯಿಪಲ್ಲೆ 50 ಗ್ರಾಂ, ಎಣ್ಣಿ 5 ಗ್ರಾಂ. 6ರಿಂದ 8ಕ್ಕ ಅಕ್ಕಿ 150, ಬ್ಯಾಳಿ 30, ಕಾಯಿಪಲ್ಲೆ 75, ಎಣ್ಣಿ ಏಳೂವರಿ. ನಿಮ್ಮ 140ರೊಳಗ ಸಣ್ಣವರು 95, ದೊಡ್ಡವರು 45 ಅಂತ ಹಿಡೀರಿ, ಎಲ್ಲಾರೂ ಬಂದ ದಿನ ಅಕ್ಕಿ 16 ಕಿಲೋ ಮ್ಯಾಲೆ ಕಾಲು, ಬ್ಯಾಳಿ ಮೂರೂಕಾಲು ಕಿಲೋ, ಕಾಯಿಪಲ್ಲೆ ಎಂಟು ಕಿಲೋದ ಮ್ಯಾಲೆ. ಈ ಮೂರು ಅಂಕಿ ನಿಮ್ಮ ಬಾಯಾಗ ಇದ್ರ ಸಾಕ್ರಿ, ಎಂಟನೇತ್ತ ಕಲ್ತೀನಿ ಅಂತ ಹಿಂಜರಿಯಾಕ ಹೋಗಬ್ಯಾಡ್ರಿ.

ನಮ್ಮ ಸಾಲ್ಯಾಗ ಆಗಿದ್ದು ಹೇಳ್ತೀನಿ. ಅಡಗಿ ಮಾಡೋ ಯಕ್ಕ ಬ್ಯಾಳಿ ಒಂದು ಸ್ಟೀಲ್ ಡಬ್ಬಿಲೆ ಅಳೀತಿದ್ಲು, ಇದು ಕಿಲೋ ಡಬ್ಬಿ ಅಂತಿದ್ಲು, ದಿನಾ ಮೂರು ಡಬ್ಬಿ, ಮಾಸ್ತರ್ರು ವಹಿಯೊಳಗ 3 ಕಿಲೋ ಅಂತ ಬರೀತಿದ್ರು. ಒಂದಿನ ನಾ ನಮ್ಮ ಕಿರಾಣಿ ಅಂಗಡಿ ತಕ್ಕಡಿ ಸೈಕಲ್ ಮ್ಯಾಲೆ ಇಟಗೊಂಡು ಹೋದೆ. ಡಬ್ಬಿ ತುಂಬಿ ತೂಗಿದ್ರ 760 ಗ್ರಾಂ. ಮೂರು ಕಿಲೋ ಅಂತ ಬರದಲ್ಲಿ ಒಲಿ ಮ್ಯಾಲೆ ಹೋಗ್ತಿದ್ದದ್ದು 2 ಕಿಲೋ 280 ಗ್ರಾಂ. ಎಲ್ಲಾರೂ ಕಳವು ಅಂದ್ರು. ಸಾಮಾನು ಇಡೋ ಕೋಣಿ ಬಾಗಲಾ ತಗದು ಇದ್ದದ್ದೆಲ್ಲಾ ತೂಗಿದ್ವಿ, ವಹಿಯೊಳಗ ಇರೋದಕ್ಕಿಂತ ಬ್ಯಾಳಿ ಹೆಚ್ಚಿಗೆ ಇತ್ತು! ಹಳೇ ಡಬ್ಬಿ ಒಡದು ಹೋದ ಮ್ಯಾಲೆ ಆಕಿ ಮನಿಯಿಂದ ಬ್ಯಾರೆ ತಂದಿದ್ಲು, ಅಷ್ಟ. ಹೆಚ್ಚಿಗೆ ಇದ್ದದ್ದನ್ನ ಮ್ಯಾಲೆ ಹೇಳಿದ್ರ ಏನ್ ಕೇಳ್ತಾರೋ ಅಂತ ಹೆಡ್ ಮಾಸ್ತರ್ರು ಸುಮ್ಮನಿದ್ರು. ಅವತ್ತ ತೂಗದ ಕಳ್ಳಿ ಅಂದಿದ್ರ ಆಕಿ ಊರಾಗ ತಲಿ ಎತ್ತಿ ಅಡ್ಡ್ಯಾಡಾಕ ಆಗ್ತಿದ್ದಿಲ್ಲ. ಒಂದು ಕಿಲೋ ತೂಗಿ ಹಾಕಿ, ಅದು ಎಲ್ಲಿತನಕ ಬರತೈತಿ ಅಲ್ಲಿ ಕೆಂಪು ಪೇಂಟಿಲೆ ಗೀಟು ಹೊಡದು ಕೊಟ್ವಿ. ಮರುದಿನದ ಸಾರು ಹುಡುಗುರು ಎರಡು ಸಲ ಕೇಳಿ ಹಾಕಿಸಿಕೊಂಡ್ರು.

ಎಣಿಕಿ ಬಗ್ಗೆ ಒಂದು ಮಾತು. ಹಾಜರಿ ಪುಸ್ತಕದಾಗ ಎಷ್ಟು, ಆನ್‌ಲೈನ್ ಊಟದ ಲೆಕ್ಕಕ್ಕ ಎಷ್ಟು ಹಾಕ್ಯಾರ, ನಿಮ್ಮ ಕಣ್ಣ ಮುಂದ ಎಷ್ಟು ತಾಟು, ಈ ಮೂರು ಹೊಂದತಾವೇನು ನೋಡ್ರಿ. ನಮ್ಮ ಕಡೆ ಹತ್ತಿ ಬಿಡಿಸೋ ಹೊತ್ತಿಗೆ, ಮೆಣಸಿನಕಾಯಿ ಹರಿಯೋ ಹೊತ್ತಿಗೆ ಅರ್ಧಕ್ಕರ್ಧ ಹುಡುಗುರು ಅಪ್ಪ ಅವ್ವನ ಜೋಡಿ ಹೊಲಕ್ಕ ಹೋಗಿರ್ತಾರ. ಅಂಥಾ ತಿಂಗಳಾಗೂ ದಿನಾ 130 ಅಂತ ಬಿದ್ದಿದ್ರ ಅವಾಗ ಕೇಳ್ರಿ. ಜಾತ್ರಿ ದಿನ, ಸಂತಿ ದಿನ ಎಣಿಸಿದ್ರೂ ಹಂಗ ತಿಳೀತೈತಿ.

ರೋಣ ತಾಲೂಕಿನ ನಿವೃತ್ತ ಹೆಡ್ ಮಾಸ್ತರ್:

ಮ್ಯಾಲಿನವರು ಹೇಳಿದ್ದು ಖರೇ ಐತಿ, ಮಾಸ್ತರ್ರ ಕಡೆ ಮಾತೂ ಸ್ವಲ್ಪ ಕೇಳ್ರಿ ತಂಗಿ. ಅಕ್ಕಿ, ಬ್ಯಾಳಿ, ಎಣ್ಣಿ ಸರ್ಕಾರದಿಂದ ಬರ್ತಾವ. ಕಾಯಿಪಲ್ಲೆ, ಖಾರ, ಮಸಾಲಿ, ಗ್ಯಾಸ್ ಇವಕ್ಕೆಲ್ಲಾ ಸಾದಿಲ್ವಾರು ರೊಕ್ಕ ಬರಬೇಕು. ಅದು ತಡಾ ಆದ ತಿಂಗಳು ನಾ ಕಿರಾಣಿ ಅಂಗಡ್ಯಾಗ ಉದ್ರಿ ಮಾಡೀನಿ, ಸಂತ್ಯಾಗ ಕಾಯಿಪಲ್ಲೆ ಮಾರೋ ಅಜ್ಜಿ ಕಡೆನೂ ಉದ್ರಿ ತಂದೀನಿ. ಸಾರಿನ್ಯಾಗ ಗಜ್ಜರಿ ಬೀನ್ಸ್ ಕಾಣದಿದ್ರ ಮೊದಲ ಕೇಳಬೇಕಾದ್ದು "ಸಾದಿಲ್ವಾರು ಯಾವ ತಿಂಗಳದ್ದು ಬಂದೈತ್ರಿ ಸರ್?" ಅಂತ. ಈ ಒಂದು ಪ್ರಶ್ನೆ ಕೇಳಿದ್ರ ಹೆಡ್ ಮಾಸ್ತರ್ ನಿಮ್ಮ ಕಡೆ ಆಗ್ತಾರ. ಬಂದಿಲ್ಲ ಅಂದ್ರ ಎಸ್‌ಡಿಎಂಸಿ ಸಭಾದಾಗ ಠರಾವು ಬರದು, ತಾಲೂಕು ಪಂಚಾಯ್ತಿಯೊಳಗ ಅಕ್ಷರ ದಾಸೋಹದ (ಬಿಸಿಯೂಟ ಯೋಜನೆ) ಸಹಾಯಕ ನಿರ್ದೇಶಕರು ಅಂತ ಇರ್ತಾರ, ಅವರಿಗೆ ಕೊಟ್ಟು ಸ್ವೀಕೃತಿ ತಗೋರಿ. ಬಾಯಿಮಾತಿಲೆ ಹೇಳಿ ಬಂದ್ರ ಅದು ಅಲ್ಲೇ ಉಳೀತೈತಿ.

ಇದು ಯಾರೋ ದಯಾ ತೋರಿಸಿ ಹಾಕೋ ಊಟ ಅಲ್ಲ. ಬೇಯಿಸಿದ ಊಟಾನ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2001ರ ನವೆಂಬರ್ 28ಕ್ಕ ಆದೇಶ ಮಾಡಿತು, ನಮ್ಮ ರಾಜ್ಯದಾಗ 2002ರೊಳಗ ಈಶಾನ್ಯ ಜಿಲ್ಲೆಗಳಲ್ಲಿ ಚಾಲೂ ಆಗಿ ಮುಂದಿನ ವರ್ಷ ನಮ್ಮ ಕಡೆ ಬಂತು. 2013ರ ಆಹಾರ ಭದ್ರತಾ ಕಾಯ್ದೆಯೊಳಗ ಅದು ಮಕ್ಕಳ ಹಕ್ಕಾತು. 2015ರ ನಿಯಮದಾಗ ಏನೈತಿ ಅಂದ್ರ, ಅಕ್ಕಿ ಇಲ್ಲ, ಗ್ಯಾಸ್ ಇಲ್ಲ, ಅಡಗಿಯವರು ಬಂದಿಲ್ಲ ಅಂತ ಊಟ ತಪ್ಪಿದ್ರ ಆ ದಿನದ ಧಾನ್ಯ ಮತ್ತ ಅಡಗಿ ಖರ್ಚಿನ ರೊಕ್ಕ ಮುಂದಿನ ತಿಂಗಳು 15ರ ಒಳಗ ಹುಡುಗುರಿಗೆ ಭತ್ಯೆ ಅಂತ ಸಲ್ಲಬೇಕು. ಸತತ 3 ದಿನ ಇಲ್ಲಾ ತಿಂಗಳಾಗ 5 ದಿನ ತಪ್ಪಿದ್ರ ಯಾರ ಜವಾಬ್ದಾರಿ ಅಂತ ರಾಜ್ಯ ಸರ್ಕಾರ ಗೊತ್ತು ಮಾಡಬೇಕು. ಹಂಗಾಗಿ ಊಟ ತಪ್ಪಿದ ದಿನ ನೀವ ಒಂದು ನೋಟಬುಕ್ಕಿನ್ಯಾಗ ತಾರೀಖು ಬರದು ಇಡ್ರಿ.

ರುಚಿ ನೋಡೋದು ಬರೇ ಸಹಿ ಕೆಲಸ ಅನ್ನಬ್ಯಾಡ್ರಿ. 2013ರ ಜುಲೈದಾಗ ಬಿಹಾರದ ಒಂದು ಸಾಲ್ಯಾಗ ಬಿಸಿಯೂಟ ಉಂಡು 23 ಮಕ್ಕಳು ಸತ್ತರು, ಅಡಗಿ ಎಣ್ಣಿಯೊಳಗ ಬೆಳಿಗೆ ಹೊಡಿಯೋ ವಿಷ ಸೇರಿತ್ತು. ಆ ಸುದ್ದಿ ಓದಿದ ದಿನ ನಾ ಅಡಗಿ ಕೋಣಿಗೆ ಹೋಗಿ ಪ್ರತಿಯೊಂದು ಕ್ಯಾನ್ ಮೂಸಿ ನೋಡಿದೆ. ನಮ್ಮದು ಹತ್ತಿ ಸೀಮಿ, ಮನಿಮನಿಯೊಳಗ ಔಷಧದ ಡಬ್ಬಿ ತೊಳದು ಬ್ಯಾರೆ ಕೆಲಸಕ್ಕ ಬಳಸೋ ರೂಢಿ ಐತಿ. ಮನಿಯಿಂದ ತಂದ ಯಾವ ಕ್ಯಾನೂ ಸಾಲಿ ಅಡಗಿ ಕೋಣಿ ಹೊಸ್ತಿಲಾ ದಾಟಬಾರದು. ಹುಡುಗುರಿಗೆ ನೀಡೋ ಅರ್ಧ ತಾಸು ಮೊದಲ ಒಬ್ಬ ಮಾಸ್ತರ್, ಒಬ್ಬ ಪಾಲಕರು ಉಂಡಿರಬೇಕು. ಆ ಪಾಲಕರ ಪಾಳಿ ಹಚ್ಚೋ ಕೆಲಸಾನ ನೀವು ಮೊದಲ ಮಾಡ್ರಿ.

ಪ್ಲಾಸ್ಟಿಕ್ ಅಕ್ಕಿ ಅಂತ ಯಾರರ ಗದ್ದಲಾ ಮಾಡಿದ್ರ ಅಂಜಬ್ಯಾಡ್ರಿ. 2021ರಿಂದ ಈ ಯೋಜನೆ ಅಕ್ಕಿಯೊಳಗ ನೂರು ಕಾಳಿಗೆ ಒಂದರಂಗ ಕಬ್ಬಿಣಾಂಶ, ಫೋಲಿಕ್ ಆಸಿಡ್, ಬಿ12 ಸೇರಿಸಿ ಮಾಡಿದ ಕಾಳು ಬೆರಸಾಕ ಹತ್ತಿದ್ರು, ಅವು ಬಣ್ಣದಾಗ ಸ್ವಲ್ಪ ಬ್ಯಾರೆ ಕಾಣ್ತಾವ, ತೊಳಿಯೋವಾಗ ತೇಲ್ತಾವ. ನಮ್ಮ ಅಡಗಿಯವರು ಪಾಪ ಮೊರದಾಗ ಅಕ್ಕಿ ಹಸನು ಮಾಡಕೋತ ಅವನ್ನೆಲ್ಲಾ ಒಂದೊಂದ ಆರಿಸಿ ಕೋಳಿಗೆ ಹಾಕ್ತಿದ್ರು, ಮಕ್ಕಳಿಗೆ ಕೆಟ್ಟದ್ದು ತಿನ್ನಿಸಬಾರದು ಅಂತ. ಸತ್ವ ಇದ್ದದ್ದು ಅದರಾಗ. ಕೂಡಿಸಿಕೊಂಡು ತಿಳಿಸಿ ಹೇಳಿದ ಮ್ಯಾಲೆ ಬಿಟ್ರು.

ತತ್ತಿ ವಿಚಾರ. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವು ಸೇರಿ ವಾರಕ್ಕ ಆರು ದಿನ ಆಗೈತಿ, ಒಂದು ತತ್ತಿಗೆ 6 ರೂಪಾಯಿ ಅಂತ ಹಿಡದಾರ, ಅದರಾಗ ಕುದಿಸೋದು ಸುಲಿಯೋದೂ ಬಂತು. ಪ್ಯಾಟಿಯೊಳಗ ರೇಟ್ ಏರಿದಾಗ ಸಾಲಿಯವರಿಗೆ ಕಷ್ಟ ಆಗತೈತಿ ಖರೇ, ಆದ್ರ ಅರ್ಧ ತತ್ತಿ ಕೊಟ್ಟು ಪೂರಾ ಬರಿಯೋದು ಬ್ಯಾಡ, ರೇಟ್ ಏರೈತಿ ಅಂತ ಬರದು ಕಳಸ್ರಿ. ತತ್ತಿ ಎಣಿಸೋದು ಭಾಳ ಸುಲಭ, ಸುಲಿದ ಸಿಪ್ಪಿ ಬುಟ್ಟಿ ನೋಡಿದ್ರ ಗೊತ್ತಾಗತೈತಿ.

ಕಲಘಟಗಿ ತಾಲೂಕಿನಿಂದ, ಅವ್ವ ಹೇಳಿದ್ದು ಮಗಳು ಟೈಪ್ ಮಾಡಿದ್ದು:

ನಮ್ಮವ್ವ ಸಾಲ್ಯಾಗ ಅಡಗಿ ಮಾಡ್ತಾಳ್ರಿ. ಆಕಿ ಹೇಳಿದಂಗ ಬರ್ಯಾಕತ್ತೀನಿ. ಮುಂಜಾನೆ ಬಂದು ಮೊದಲ ಹಾಲಿನ ಪುಡಿ ಕಲಸಬೇಕು, ಒಂದು ಹುಡುಗಗ 18 ಗ್ರಾಂ ಪುಡಿ, 150 ಎಂಎಲ್ ಹಾಲು, ಅದು ಗಂಟು ಬಿಡದಂಗ ತಿರುವಿ ತಿರುವಿ ರಟ್ಟಿ ನೋಯತಾವ. ಆಮ್ಯಾಲೆ ಅಕ್ಕಿ ಹಸನು, ಕಾಯಿಪಲ್ಲೆ ಹೆಚ್ಚೋದು, ತತ್ತಿ ಸುಲಿಯೋದು, ಬೋಗಾಣಿ ಇಳಿಸೋದು, ಮುಸರಿ ತಿಕ್ಕೋದು. 26ರಿಂದ ನೂರು ಹುಡುಗುರ ತನಕ ಇಬ್ಬರಾ ಇರಬೇಕು ಅಂತ ನಿಯಮ, ಒಬ್ಬಾಕಿ ರಜಾ ಹಾಕಿದ್ರ ಎಲ್ಲಾ ಇನ್ನೊಬ್ಬಾಕಿ ಮ್ಯಾಲೆ. ಗೌರವಧನಕ್ಕ ಕೇಂದ್ರದ ಲೆಕ್ಕ 2009ರಿಂದ 1000 ರೂಪಾಯಿ ಅಂತಾನ ಐತಿ, ವರ್ಷಕ್ಕ 10 ತಿಂಗಳು ಅಷ್ಟ, ಮ್ಯಾಲಿಂದು ರಾಜ್ಯ ಕೂಡಿಸಿ ಕೊಡೋದು.

ಅವ್ವ ಅಂತಾಳ: ನೋಡಾಕ ಬರೋರು ಜೀಪಿನ್ಯಾಗ ಬರ್ತಾರ, ಬಾಗಲದಾಗ ನಿಂತು "ಟೋಪಿ ಯಾಕ ಹಾಕಿಲ್ಲ" ಅಂತಾರ, ಹೋಗ್ತಾರ. ಒಲಿ ಉರಿ ಹೆಂಗ ಬರಾಕತ್ತೈತಿ, ಕುಕ್ಕರ್ ವಾಶರ್ ಹೋಗಿ ಎಷ್ಟ ದಿನ ಆತು, ನೀರು ಎಲ್ಲಿಂದ ಹೊತ್ತು ತರ್ತಿ ಅಂತ ಯಾರೂ ಕೇಳಂಗಿಲ್ಲ. ಅಧ್ಯಕ್ಷೆ ಅಕ್ಕಾರ, ನೀವು ಒಂದಿನ ಮುಂಜಾನೆ ಹತ್ತಕ್ಕ ಹೋಗಿ ಒಲಿ ಮುಂದ ಕುಂಡ್ರಿ. ಸಾರು ಯಾಕ ನೀರಾಗತೈತಿ ಅಂತ ಕೇಳಬೇಕಾಗಂಗಿಲ್ಲ, ಕಾಣತೈತಿ.

ಹುಬ್ಬಳ್ಳಿಯಿಂದ ಒಬ್ಬ ಪಾಲಕರು:

ನಮ್ಮ ಸಿಟಿ ಸಾಲಿಗಳಿಗೆ ಭಾಳ ಕಡೆ ಊಟ ಗಾಡಿಯೊಳಗ ಬರತೈತಿ, ರಾಯಾಪುರದಾಗ ಅಕ್ಷಯ ಪಾತ್ರ ಸಂಸ್ಥೆಯ ದೊಡ್ಡ ಅಡಗಿ ಮನಿ ಐತಲ್ಲ. ಅಂಥಲ್ಲಿ ನೋಡೋದು ಬ್ಯಾರೆ. ಗಾಡಿ ಎಷ್ಟಕ್ಕ ಬಂತು, ಹುಡುಗುರು ಎಷ್ಟಕ್ಕ ಉಂಡ್ರು, ನಡುವ ಡಬ್ಬಿ ಎಲ್ಲಿ ಇಟ್ಟಿದ್ರು, ಮುಚ್ಚಳ ತಗದಾಗ ಹಬೆ ಬರ್ತೈತೋ ಇಲ್ಲೋ, ಹುಳಿ ವಾಸನಿ ಬರ್ತೈತೇನು ಅಂತ ನೋಡಬೇಕು. ಬ್ಯಾಸಿಗಿಯೊಳಗ ಇದು ಹೆಚ್ಚು ಮುಖ್ಯ. ಮತ್ತ ಉಳದದ್ದು ಎಷ್ಟು ನೋಡ್ರಿ, ಹುಡುಗುರು ಬಿಟ್ಟು ಹೋಗೋ ದಿನ ಯಾವದು ಅಂತ ಬರದು ಇಟ್ರ ಒಂದು ತಿಂಗಳಾಗ ಯಾವ ಅಡಗಿ ಅವರಿಗೆ ಸೇರವಲ್ದು ಅನ್ನೋದು ಗೊತ್ತಾಗತೈತಿ.

ಕೇಳಿದ ತಾಯಿ, ಎರಡು ವಾರದ ಮ್ಯಾಲೆ:

ಎಲ್ಲಾರಿಗೂ ಶರಣ್ರಿ. ಮುಂಜಾನೆ ಹತ್ತಕ್ಕ ಹೋಗಿದ್ನಿ. ಬ್ಯಾಳಿ ತೂಗಿ ನೋಡಿದ್ವಿ, 121 ಹುಡುಗುರು ಬಂದಿದ್ರು, 2 ಕಿಲೋ 800 ಹಾಕಿದ್ರು, ತೂಕ ಬರೋಬ್ಬರಿ ಐತಿ. ಕೆಟ್ಟದ್ದು ನೀರ್ರಿ. ಬೋರಿನ ಸವಳು ನೀರಾಗ ಒಂದು ತಾಸು ಕುದಿಸಿದ್ರೂ ಬ್ಯಾಳಿ ಹಂಗ ಕಾಳಾಗಿ ತಳದಾಗ ಕುಂತಿತ್ತು, ಮ್ಯಾಲೆ ಬರೇ ಹಳದಿ ನೀರು. ಗ್ಯಾಸ್ ಮುಗೀತೈತಿ ಅಂತ ಅಷ್ಟಕ್ಕ ಇಳಸ್ತಿದ್ರು. ಮರುದಿನ ನಮ್ಮ ಮನಿಯಿಂದ ಕೆರಿ ನೀರು ನಾಕು ಕೊಡ ಕೊಟ್ಟು ಕಳಿಸಿದೆ, ರಾತ್ರಿನ ಬ್ಯಾಳಿ ನೆನಿ ಇಟ್ಟಿದ್ರು, ಬೆಣ್ಣಿ ಆದಂಗ ಆತು. ಈಗ ಸಾಲಿ ಹತ್ರ ಇರೋ ಹತ್ತು ಮನಿಯವರು ಪಾಳಿ ಪ್ರಕಾರ ಕೊಡ ಕಳಸಾಕತ್ತಾರ, ಅಡಗಿ ಕೋಣಿಗೆ ಕೆರಿ ನೀರಿನ ನಳ ಬೇಕು ಅಂತ ಠರಾವು ಬರದು ಪಂಚಾಯ್ತಿಗೆ ಕೊಟ್ಟು ಸ್ವೀಕೃತಿ ತಗೊಂಡೀನಿ. ಕೊನಿ ಸಾಲಿನ್ಯಾಗ ಇನ್ನೂ ಕುಂತಿಲ್ಲ, ಗುರುವಾರ ಹೊಕ್ಕೀನಿ.